ಕಣ್ಣು ಬಿಡೋಕೆ ಮುಂಚೆನೇ ರೆಟಿನಾ ಏನ್ ಮಾಡ್ತಿರುತ್ತೆ?

ಫೆರೆಟ್ ಅಂತ ಒಂದು ಪ್ರಾಣಿ ಇದೆ, ಅದರ ಮರಿ ಹುಟ್ಟಿ ಸುಮಾರು ಒಂದು ತಿಂಗಳಾದ್ರೂ ಕಣ್ಣೇ ಬಿಡಲ್ಲ. ಅಷ್ಟು ದಿನ ಆ ಕಣ್ಣೊಳಗಿನ ರೆಟಿನಾ, ಅಂದ್ರೆ ಬೆಳಕನ್ನ ಹಿಡಿಯೋ ಪದರ, ಸುಮ್ನೆ ಇರುತ್ತಾ ಅಂದ್ರೆ, ಇಲ್ಲ. ಇದು ಗೊತ್ತಾದ ಕಥೆ ನಂಗೆ ತುಂಬಾ ಇಷ್ಟ, ಯಾಕಂದ್ರೆ ನಾನು ಓದಿದ್ದು ಇನ್‌ಸ್ಟ್ರುಮೆಂಟೇಶನ್, ಇಲ್ಲಿ ಉತ್ತರ ಕೊಟ್ಟಿದ್ದು ಒಂದು ಒಳ್ಳೆ ಇನ್‌ಸ್ಟ್ರುಮೆಂಟ್.

1988ರಲ್ಲಿ ಇಟಲಿಯ ಪೀಸಾದಲ್ಲಿ ಗಾಲಿ ಮತ್ತು ಮಾಫೆಯಿ ಅನ್ನೋರು ಇನ್ನೂ ಹುಟ್ಟದ ಇಲಿಮರಿಯ ರೆಟಿನಾಗೆ ಎಲೆಕ್ಟ್ರೋಡ್ (ವಿದ್ಯುತ್ ಸಿಗ್ನಲ್ ಹಿಡಿಯೋ ಸಣ್ಣ ತುದಿ) ಇಟ್ಟು ನೋಡಿದ್ರು, ಬೆಳಕಿನ ಸುಳಿವೇ ಇಲ್ದಿದ್ರೂ ಗ್ಯಾಂಗ್ಲಿಯಾನ್ ಸೆಲ್‌ಗಳು (ರೆಟಿನಾದಿಂದ ಮಿದುಳಿಗೆ ಸುದ್ದಿ ಕಳಿಸೋ ಸೆಲ್‌ಗಳು) ಸ್ಪೈಕ್, ಅಂದ್ರೆ ಚಿಕ್ಕ ವಿದ್ಯುತ್ ಮಿಡಿತ, ಹೊಡೀತಾ ಇದ್ವು. ಆದ್ರೆ ಒಂದೇ ಎಲೆಕ್ಟ್ರೋಡ್ ಇದ್ರೆ ಒಂದು ಜಾಗದ ಸುದ್ದಿ ಅಷ್ಟೇ ಸಿಗೋದು. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮೆಕ್ಸಿಕನ್ ವೇವ್ ಹೋಗ್ತಿರುವಾಗ ಒಬ್ಬನ್ನ ಮಾತ್ರ ನೋಡ್ತಾ ಕೂತ್ರೆ, ಇವನ್ಯಾಕೆ ಆಗಾಗ ಎದ್ದು ಕೂರ್ತಾನೆ ಅನ್ಸುತ್ತೆ, ಅಲೆ ಕಾಣಲ್ಲ.

ರೆಟಿನಾದಲ್ಲೂ ಅಂಥದ್ದೇ ಒಂದು ಅಲೆ ಕಂಡಿದ್ದು 1991ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ. ಮಾರ್ಕುಸ್ ಮೈಸ್ಟರ್, ರೇಚಲ್ ವಾಂಗ್, ಡೆನಿಸ್ ಬೇಲರ್, ಕಾರ್ಲಾ ಶಾಟ್ಜ್ ಸೇರ್ಕೊಂಡು ಫೆರೆಟ್ ಮರಿಯ ರೆಟಿನಾ ಬಿಡಿಸಿ, ಗ್ಯಾಂಗ್ಲಿಯಾನ್ ಸೆಲ್ ಇರೋ ಮೈ ಕೆಳಗೆ ಬರೋ ಹಾಗೆ, 61 ಎಲೆಕ್ಟ್ರೋಡ್ ಇರೋ ಗಾಜಿನ ಮೇಲೆ ಹಾಸಿದ್ರು. ಸೆಲ್ ಒಳಗಡೆ ಒಂದು ಸ್ಪೈಕ್ ಅಂದ್ರೆ ಹತ್ತಿರತ್ತಿರ 100 ಮಿಲಿವೋಲ್ಟ್, ಹೊರಗಿನ ಎಲೆಕ್ಟ್ರೋಡ್‌ಗೆ ಸಿಗೋದು ಕೆಲವು ಹತ್ತು, ಹೆಚ್ಚೆಂದ್ರೆ ಕೆಲವು ನೂರು ಮೈಕ್ರೋವೋಲ್ಟ್! ಅಷ್ಟು ಸಣ್ಣ ಸಿಗ್ನಲ್‌ನ ನಾಯ್ಸ್‌ನಿಂದ ಬೇರೆ ಮಾಡಿ, ಪ್ರತಿ ಎಲೆಕ್ಟ್ರೋಡ್‌ನ ಚಾನೆಲ್‌ನಲ್ಲೂ ಯಾವ ಸ್ಪೈಕ್ ಯಾವ ಸೆಲ್ಲಿಂದು ಅಂತ ಆಕಾರ ನೋಡಿ ವಿಂಗಡಿಸಿದ್ರು, ಅದೂ ಆ ಕಾಲದ ಕಂಪ್ಯೂಟರ್‌ನಲ್ಲಿ.

ಆಗ ಕಂಡಿದ್ದೇನು ಅಂದ್ರೆ, ಕೆಲವು ಸೆಕೆಂಡ್ ಜೋರು ಫೈರಿಂಗ್, ಆಮೇಲೆ ಒಂದೆರಡು ನಿಮಿಷ ಮೌನ, ಮತ್ತೆ ಫೈರಿಂಗ್. ಅಕ್ಕಪಕ್ಕದ ಸೆಲ್‌ಗಳು ಒಟ್ಟಿಗೆ, ದೂರದವು ಸ್ವಲ್ಪ ತಡವಾಗಿ. ಅಲೆ ಸಾಗೋ ವೇಗ ಸೆಕೆಂಡಿಗೆ ಸುಮಾರು 100 ಮೈಕ್ರಾನ್, ಅಂದ್ರೆ ಮಿಲಿಮೀಟರ್‌ನ ಹತ್ತರಲ್ಲಿ ಒಂದು ಭಾಗ. ನಂಗೆ ಇದೇ ನಂಬರ್ ಮುಖ್ಯ ಅನ್ಸೋದು, ಯಾಕಂದ್ರೆ ನರದ ಎಳೆಯಲ್ಲಿ ಸ್ಪೈಕ್ ಇದಕ್ಕಿಂತ ಸಾವಿರಾರು ಪಟ್ಟು ಬೇಗ ಓಡುತ್ತೆ, ಅಂದ್ಮೇಲೆ ಇದು ಬರೀ ವೈರಿಂಗ್ ಮೇಲೆ ಓಡೋ ಸಿಗ್ನಲ್ ಆಗಿರೋಕೆ ಸಾಧ್ಯನೇ ಇಲ್ಲ, ಸೆಲ್ಲಿಂದ ಸೆಲ್ಲಿಗೆ ನಿಧಾನಕ್ಕೆ ದಾಟ್ತಾ ಇರೋದು. ಮುಂದೆ 1996ರಲ್ಲಿ ಮಾರ್ಲಾ ಫೆಲ್ಲರ್ ಮತ್ತವರ ಜೊತೆಗಾರರು, ಈ ಅಲೆಗೆ ಅಸಿಟೈಲ್‌ಕೋಲಿನ್ (ಸೆಲ್ಲಿಂದ ಸೆಲ್ಲಿಗೆ ಸುದ್ದಿ ಒಯ್ಯೋ ಒಂದು ರಾಸಾಯನಿಕ) ಬೇಕೇ ಬೇಕು ಅಂತ ತೋರಿಸಿದ್ರು, ಅದನ್ನ ಬಿಡೋದು ರೆಟಿನಾದಲ್ಲೇ ಇರೋ ಸ್ಟಾರ್‌ಬರ್ಸ್ಟ್ ಅಮಕ್ರೈನ್ ಅನ್ನೋ ಸೆಲ್‌ಗಳು.

ಇದರಿಂದ ಮಿದುಳಿಗೆ ಏನ್ ಉಪಯೋಗ ಅಂದ್ರೆ, ಒಟ್ಟಿಗೆ ಫೈರ್ ಆದವರು ನೆರೆಹೊರೆಯವರು ಅನ್ನೋ ಮಾಹಿತಿ ಅದಕ್ಕೆ ಸಿಗುತ್ತೆ. ಎರಡೂ ಕಣ್ಣಿನ ಅಲೆ ಒಂದೇ ಟೈಮಿಗೆ ಬರಲ್ಲ, ಹಾಗಾಗಿ ಎಡಗಣ್ಣಿಂದು ಬಲಗಣ್ಣಿಂದು ನರದ ಎಳೆಗಳು ಮಿದುಳಲ್ಲಿ ಬೇರೆಬೇರೆ ಪದರಕ್ಕೆ ಹೋಗಿ ಸೇರೋಕೆ ಸಹಾಯ. ಬೆಕ್ಕಿನ ಭ್ರೂಣದ ಮಿದುಳಲ್ಲಿ ಸ್ಪೈಕ್‌ಗಳನ್ನೇ ಔಷಧಿ ಕೊಟ್ಟು ನಿಲ್ಲಿಸಿದ್ರೆ ಆ ಪದರ ಬೇರೆ ಆಗೋದೇ ಇಲ್ಲ ಅಂತ ಶಾಟ್ಜ್ ಮತ್ತು ಸ್ಟ್ರೈಕರ್ 1988ರಲ್ಲೇ ತೋರಿಸಿದ್ರು.

ಒಂದು ಎಚ್ಚರಿಕೆ ಮಾತ್ರ ಇರ್ಲಿ, ಎರಡು ಸೆಲ್ ಒಟ್ಟಿಗೆ ಹೊಡೆದ ಮಾತ್ರಕ್ಕೆ ಅವೆರಡ್ರ ನಡುವೆ ನೇರ ಕನೆಕ್ಷನ್ ಇದೆ ಅಂತಲ್ಲ, ಮೂರನೇದು ಯಾವ್ದೋ ಎರಡಕ್ಕೂ ಸಿಗ್ನಲ್ ಕೊಡ್ತಿರಬಹುದು. ಈಗ 26,400 ಎಲೆಕ್ಟ್ರೋಡ್ ಇರೋ ಸಿಮಾಸ್ (CMOS, ಕಂಪ್ಯೂಟರ್ ಚಿಪ್ ಮಾಡೋ ತಂತ್ರ) ಚಿಪ್ ಬಂದಿದೆ, ಎಲೆಕ್ಟ್ರೋಡ್‌ಗಳ ನಡುವೆ ಬರೀ 17.5 ಮೈಕ್ರಾನ್, ಒಂದೇ ಸೆಲ್ಲಿನ ಸ್ಪೈಕ್ ಅದರ ಎಳೆ ಹಿಡ್ಕೊಂಡು ಎಲ್ಲಿಗೆ ಹೋಗುತ್ತೆ ಅಂತಾನೂ ನೋಡಬಹುದು. ಅಷ್ಟಿದ್ರೂ ಈ ಮೂರನೇ ಸೆಲ್ಲಿನ ಪ್ರಶ್ನೆ ಹೋಗಲ್ಲ, ಎಲೆಕ್ಟ್ರೋಡ್‌ನಿಂದ ಒಂದು ಸೆಲ್ಲಿಗೆ ಕರೆಂಟ್ ಕೊಟ್ಟು ಇನ್ನೊಂದು ಉತ್ತರ ಕೊಡುತ್ತಾ ಅಂತ ಪರೀಕ್ಷೆ ಮಾಡ್ಲೇಬೇಕು.