ಸ್ಟೋರ್ಸ್‌ನ ಡ್ರಾಯರಿನಲ್ಲಿರುವ ಇನ್ನೊಂದು ಪುಸ್ತಕ

ಕಾರ್ಖಾನೆಯಲ್ಲಿ ಇಆರ್‌ಪಿ (ಎಲ್ಲ ವಿಭಾಗದ ಲೆಕ್ಕ ಒಂದೇ ಕಡೆ ಇಡುವ ಸಾಫ್ಟ್‌ವೇರ್) ಶುರುವಾಗಿ ಮೂರು ತಿಂಗಳಾದ ಮೇಲೆ "ಬಳಸ್ತಿದ್ದೀರಾ?" ಎಂದು ಕೇಳಿದರೆ ಎಲ್ಲ ವಿಭಾಗದಿಂದಲೂ ಒಂದೇ ಉತ್ತರ: "ಹೂಂ ಸರ್, ಎಲ್ಲಾ ಸಿಸ್ಟಮ್‌ನಲ್ಲೇ." ಲಾಗಿನ್ ಲೆಕ್ಕವೂ ಹಾಗೇ ಹೇಳುತ್ತದೆ. ಆದರೆ ಸ್ಟೋರ್ಸ್ ಮೇಜಿನ ಡ್ರಾಯರಿನಲ್ಲಿ ಉದ್ದನೆಯ ರೂಲ್ಡ್ ಪುಸ್ತಕವೊಂದು ಇವತ್ತಿನ ತಾರೀಖಿನವರೆಗೂ ತುಂಬಿದ್ದರೆ, ಇಆರ್‌ಪಿ ಅದರ ನಕಲು ಅಷ್ಟೇ.

ಡ್ರಾಯರ್ ಎಳೆಯದೆಯೂ ಇದು ಗೊತ್ತಾಗುತ್ತದೆ. ಹದಿನೈದು ದಿನದ ಜಿಆರ್‌ಎನ್‌ಗಳನ್ನು, ಅಂದರೆ ಮಾಲು ಬಂದದ್ದಕ್ಕೆ ಸಿಸ್ಟಮ್‌ನಲ್ಲಿ ಮಾಡುವ ಎಂಟ್ರಿಗಳನ್ನು, ಎಕ್ಸೆಲ್‌ಗೆ ಇಳಿಸಿ. ಒಂದು ಕಾಲಂನಲ್ಲಿ ಗೇಟ್ ರಿಜಿಸ್ಟರಿನಂತೆ ಲಾರಿ ಒಳಬಂದ ಹೊತ್ತು, ಪಕ್ಕದಲ್ಲಿ ಸಿಸ್ಟಮ್ ತಾನೇ ಒತ್ತಿದ ಹೊತ್ತು. ಬಳಕೆದಾರ ಟೈಪ್ ಮಾಡಿದ ತಾರೀಖು ಬೇಡ, ಅದನ್ನು ಹಿಂದಕ್ಕೆ ಹಾಕಬಹುದು. ಲಾರಿ 10ಕ್ಕೆ, 11:30ಕ್ಕೆ, 2ಕ್ಕೆ ಬಂದಿದೆ. ಎಂಟ್ರಿಗಳೆಲ್ಲ ಸಂಜೆ 5:10ರಿಂದ 5:40ರೊಳಗೆ. ಕ್ವಾಲಿಟಿ ತಪಾಸಣೆಗೆ ನಿಂತ ಮಾಲಿಗೆ ತಡವಾಗುವುದು ಸಹಜ. ಆದರೆ ಎರಡೆರಡು ನಿಮಿಷಕ್ಕೊಂದರಂತೆ ಸಾಲಾಗಿ ಬಿದ್ದಿದ್ದರೆ ಪುಸ್ತಕ ನೋಡಿಕೊಂಡು ಕುಟ್ಟಿದ್ದೇ.

ಜನ ಹೊಸ ಸಾಫ್ಟ್‌ವೇರನ್ನು ಯಾಕೆ ಒಪ್ಪುತ್ತಾರೆ ಎಂದು ಅಧ್ಯಯನ ಮಾಡಿದ ಫ್ರೆಡ್ ಡೇವಿಸ್ 1989ರಲ್ಲಿ ಕಂಡುಕೊಂಡದ್ದು ಇಲ್ಲಿ ನೆರವಿಗೆ ಬರುತ್ತದೆ: ಬಳಕೆಗೆ ಸುಲಭ ಅನ್ನಿಸುವುದಕ್ಕಿಂತ ಉಪಯೋಗಕ್ಕೆ ಬರುತ್ತದೆ ಅನ್ನಿಸುವುದೇ ಬಳಕೆಯ ಜೊತೆ ಗಟ್ಟಿಯಾಗಿ ಹೊಂದಿಕೊಂಡಿತ್ತು. ಆದರೆ ಅವರು ಬಳಕೆಯನ್ನು ಅಳೆದದ್ದು ಬಳಸುವವರ ಬಾಯಿಂದಲೇ ಕೇಳಿ. ನಮಗೆ ಆ ಎರಡು ಕಾಲಂ ಬೇಕು.

ಸ್ಟೋರ್‌ಕೀಪರ್ ಪುಸ್ತಕ ಬಿಡದಿರುವುದು ಹಟದಿಂದಲ್ಲ. ಎಷ್ಟೋ ಕಡೆ ಮೂಲ ಇರುವುದು ಅಳತೆಯ ಮಾನದಲ್ಲಿ. 2 ಮಿ.ಮೀ. ದಪ್ಪದ, 2500×1250ರ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್ ತಗೊಳ್ಳಿ. ಘನ ಮೀಟರಿಗೆ 7,850 ಕೆಜಿಯಂತೆ ಲೆಕ್ಕ ಹಾಕಿದರೆ ಒಂದಕ್ಕೆ 49.06 ಕೆಜಿ, ಐಟಂ ಮಾಸ್ಟರ್‌ನಲ್ಲಿ (ಪ್ರತಿ ಸಾಮಾನಿನ ವಿವರ ಇರುವ ಪಟ್ಟಿ) ಅದನ್ನೇ ತುಂಬಿರುತ್ತಾರೆ. 20 ಶೀಟ್ ಬಂತು, ವೇಬ್ರಿಡ್ಜ್ ಚೀಟಿಯಲ್ಲಿ 965 ಕೆಜಿ, ಸಿಸ್ಟಮ್‌ಗೆ ಸ್ಟಾಕ್ ಅಂತ ಹತ್ತುವುದು ಅದೇ. ಶೀಟ್ ತುಸು ತೆಳುವಾಗಿದ್ದರೆ ಇಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಶಾಪ್‌ಗೆ ಕೊಡುವುದು ಎಣಿಕೆಯಲ್ಲಿ. 19 ಕೊಟ್ಟಾಗ ಸಿಸ್ಟಮ್ 932.14 ಕೆಜಿ ಕಳೆದು 32.86 ಉಳಿಸಿಕೊಳ್ಳುತ್ತದೆ. ಇಪ್ಪತ್ತನೆಯದಕ್ಕೆ ಇಂಡೆಂಟ್ (ಬೇಡಿಕೆ ಚೀಟಿ) ಬಂದರೆ "ಸ್ಟಾಕ್ ಇಲ್ಲ" ಅನ್ನುತ್ತದೆ. ಶೀಟ್ ಕಣ್ಣೆದುರಿಗೇ ಗೋಡೆಗೆ ಒರಗಿ ನಿಂತಿದೆ! ಅಂಥ ಸಿಸ್ಟಮ್ಮನ್ನು ಯಾರು ನಂಬುತ್ತಾರೆ? ಸ್ಟಾಕ್ ಅನ್ನು ಎಣಿಕೆಯಲ್ಲೇ ಇಡಿ, ತೂಕ ಬೆಲೆ ಕಟ್ಟುವುದಕ್ಕೆ ಮಾತ್ರ. ಅದು ಆಗದಿದ್ದರೆ ಪ್ರತಿ ಲಾಟಿಗೂ (ಒಮ್ಮೆಗೆ ಬಂದ ಮಾಲಿಗೂ) ಬೇರೆ ಪರಿವರ್ತನೆ ಕೊಡಿ. ಈ ಲಾಟಿಗೆ ಶೀಟೊಂದಕ್ಕೆ 48.25 ಕೆಜಿ. ತರಬೇತಿ ಇನ್ನೂ ಮೂರು ದಿನ ಜಾಸ್ತಿ ಕೊಟ್ಟರೂ ಈ ತೊಂದರೆ ಹೋಗುವುದಿಲ್ಲ.

ಇನ್ನೊಂದು, ಕುಟ್ಟುವವನು ಒಬ್ಬ, ಲಾಭ ಇನ್ನೊಬ್ಬನಿಗೆ. ಗುಂಪಾಗಿ ಬಳಸುವ ಸಾಫ್ಟ್‌ವೇರ್ ಯಾಕೆ ಸೋಲುತ್ತದೆ ಎಂದು ನೋಡಿದ ಜೊನಾಥನ್ ಗ್ರೂಡಿನ್ 1988ರಲ್ಲೇ ಇದನ್ನು ಬರೆದಿದ್ದಾರೆ. ವರದಿ ಪರ್ಚೇಸ್ ಮ್ಯಾನೇಜರಿಗೆ, ಬೈಗುಳ ಸ್ಟೋರ್ಸ್‌ಗೆ. ಬೆಳಗ್ಗೆ 9ಕ್ಕೆ ಕನಿಷ್ಠ ಮಟ್ಟ ಮುಟ್ಟಿದ ಐಟಂಗಳ ಪಟ್ಟಿ ಮೊದಲು ಸ್ಟೋರ್‌ಕೀಪರಿನ ಕೈಗೆ ಸಿಗಲಿ.

ಇವೆರಡು ಸರಿಯಾದ ಮೇಲೆ ಪುಸ್ತಕ ಮುಚ್ಚುವ ತಾರೀಖು ಗೊತ್ತುಮಾಡಿ. ಕರ್ನಾಟಕದ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಲ್ಲೂ ಹೀಗೇ: ತಾಲ್ಲೂಕಿನ ದಾಖಲೆ ಕಂಪ್ಯೂಟರಿಗೆ ಬಂದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆಯೇ ಉಳಿಯಲಿಲ್ಲ. ಕಾರ್ಖಾನೆಯಲ್ಲಿ ಮುಂಚಿನ ದಿನ ಇಶ್ಯೂ ನಿಲ್ಲಿಸಿ, ಬಿನ್ ಬಿನ್ (ಸಾಮಾನು ಇಡುವ ಒಂದೊಂದು ಖಾನೆ) ಎಣಿಸಿ, ಅಲ್ಲೇ ತೂಗುಹಾಕಿದ ಲೆಕ್ಕದ ಚೀಟಿ, ಅಂದರೆ ಬಿನ್ ಕಾರ್ಡಿಗೆ ತಾಳೆ ನೋಡಿ ಓಪನಿಂಗ್ ಸ್ಟಾಕ್ ಏರಿಸಿ. ಪುಸ್ತಕದ ಕೊನೆ ಸಾಲಿನ ಕೆಳಗೆ ಗೆರೆ ಎಳೆದು ಇಬ್ಬರು ಸಹಿ ಹಾಕಿ, ಅಕೌಂಟ್ಸ್‌ನ ಬೀರುವಿಗೆ ಸೇರಿಸಿ. ಕರೆಂಟ್ ಅಥವಾ ನೆಟ್ ಹೋದಾಗಿನ ಕೆಲಸಕ್ಕೆ ಕ್ರಮಸಂಖ್ಯೆ ಮುದ್ರಿಸಿದ ಸ್ಲಿಪ್ ಪ್ಯಾಡ್ ಕೊಡಿ. ಯಾವ ನಂಬರ್ ಎಂಟ್ರಿಯಾಗಿಲ್ಲ ಅನ್ನುವುದು ಆಗ ಒಂದೇ ನೋಟಕ್ಕೆ ಸಿಗುತ್ತದೆ. ನಂಬರಿಲ್ಲದ ಚೀಟಿ ಇಟ್ಟರೆ ಪುಸ್ತಕ ಅದೇ ಬಾಗಿಲಿಂದ ವಾಪಸ್.

ಆರು ವಾರ ಬಿಟ್ಟು ಮತ್ತೆ ಎರಡು ಕಾಲಂ ನೋಡಿ. ಈ ಸಲ ಜೇಬಿನಲ್ಲಿ ಚಿಕ್ಕ ಡೈರಿ ಇರಬಹುದು. ಕಿತ್ತುಕೊಳ್ಳಬೇಡಿ, ಕೇಳಿ ಓದಿ. ಬಹಳ ಸಲ ಅದರಲ್ಲಿರುವುದು ಯಾವ ಸಾಮಾನು ಯಾವ ರ‍್ಯಾಕಿನ ಎಷ್ಟನೇ ಅಂಕಣದಲ್ಲಿದೆ ಎಂದು. ಐಟಂ ಮಾಸ್ಟರ್‌ನಲ್ಲಿ ಅದಕ್ಕೊಂದು ಜಾಗ ಮಾಡಿಕೊಡಿ.