ರಕ್ತ ಕಮ್ಮಿ ಅಂದ್ರೆ ಹೊಲವನ್ನೂ ನೋಡಬೇಕು

ಕೋಲಾರದ ಕಡೆ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರವರ ಬಾಯಲ್ಲಿ ಸಿಎಚ್‌ಒ ಮೇಡಂ. ಬಿಪಿ, ಶುಗರ್‌ಗಿಂತ ಜಾಸ್ತಿ ತಲೆ ತಿನ್ನೋದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತ ಕಮ್ಮಿ ಇತ್ತು.

ಬಸುರಿಯರಿಗೆ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆ ಕೊಡುತ್ತೇವೆ. ಜೊತೆಗೆ "ಸೊಪ್ಪು, ಕಾಳು ತಿನ್ನಿ" ಅನ್ನೋ ಮಾತು ಇದ್ದದ್ದೇ. ಒಬ್ಬಳ ಅತ್ತೆ ಕೇಳಿಯೇ ಬಿಟ್ಟರು: "ಎಲ್ಲಿ ಕೀಳೋದು ಮೇಡಂ? ಬದುವರೆಗೂ ಕಳೆ ಔಷಧಿ ಹೊಡೆದವ್ರೆ."

ಆಮೇಲೆ ಅವರೇ ಹೊಲ ತೋರಿಸಿದರು. ಮೊದಲು ಅಲ್ಲಿ ಮಳೆಗೆ ರಾಗಿ. ನಡುನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಸಂದಿಯಲ್ಲಿ ತಾನಾಗೇ ಹುಟ್ಟಿದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು. ಕಳೆ ಕೀಳೋಕೆ ಹೋದವರ ಮಡಿಲಲ್ಲೇ ರಾತ್ರಿಯ ಮಸ್ಸೊಪ್ಪಿಗೆ ಬೆರಕೆ ಸೊಪ್ಪು ಬರುತ್ತಿತ್ತು. ದುಡ್ಡು ಕೊಡೋ ಮಾತೇ ಇಲ್ಲ. ಕಾಳಿನ ಗಿಡದ ಬೇರು ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತಿತ್ತು. ಈಗ ಅಲ್ಲಿ ಬೋರ್‌ವೆಲ್ ನೀರಿನ ಟೊಮೆಟೊ. ರೈತರನ್ನು ಬೈದು ಪ್ರಯೋಜನ ಇಲ್ಲ. ಕಳೆ ಕೀಳೋ ಕೂಲಿ ಯಾರು ಕೊಡ್ತಾರೆ, ಅಲ್ವಾ?

ಅಂದಹಾಗೆ, ರಕ್ತ ಹೆಚ್ಚೋಕೆ ರಾಗಿ ಒಂದೇ ಸಾಕು ಅನ್ನೋ ವಾಟ್ಸಾಪ್ ಮೆಸೇಜ್ ನಂಬಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಪಾಲಿಶ್ ಅಕ್ಕಿ ಅದರ ಹತ್ತಿರಕ್ಕೂ ಬರಲ್ಲ. ಆದರೆ ರಾಗಿಯಲ್ಲಿರೋ ಫೈಟೇಟ್, ಟ್ಯಾನಿನ್ ಕಬ್ಬಿಣದ ಅಂಶವನ್ನು ಮೈಗೆ ಪೂರ್ತಿ ಹತ್ತಲು ಬಿಡಲ್ಲ. ಮೊಳಕೆ ಕಟ್ಟಿದರೆ ಆ ತೊಂದರೆ ಕಮ್ಮಿ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿದರೂ ಒಳ್ಳೆಯದು. ಊಟ ಆದ ತಕ್ಷಣ ಟೀ ಮಾತ್ರ ಬೇಡ.

ಈಗ ರಕ್ತ ಪರೀಕ್ಷೆಯಲ್ಲಿ ಎಚ್‌ಬಿ (ಹಿಮೋಗ್ಲೋಬಿನ್) ಕಮ್ಮಿ ಬಂದವರನ್ನು ಮೊದಲು ಕೇಳೋದೇ ಬೇರೆ: ಮನೆಗೆ ಸೊಪ್ಪು ಎಲ್ಲಿಂದ ಬರುತ್ತೆ? ಸಂತೆಯಿಂದಲಾ, ಹೊಲದಿಂದಲಾ? ಕೊಂಡು ತಿನ್ನೋರಿಗೆ "ದಿನಾ ತಿನ್ನಿ" ಅಂತ ಸುಮ್ನೆ ಹೇಳಲ್ಲ. ಹಿತ್ತಲಿದ್ದರೆ ನುಗ್ಗೆ ಕೊಂಬೆ ನೆಡಿ ಅಂತೀನಿ, ಹಿತ್ತಲೇ ಇಲ್ಲದವರಿಗೆ ಅಂಗನವಾಡಿ ಕೈತೋಟ. ಗ್ರಾಮ ಆರೋಗ್ಯ ಸಮಿತಿ ಸಭೆಗೆ ಈ ಸಲ ರೈತ ಸಂಪರ್ಕ ಕೇಂದ್ರದವರನ್ನೂ ಕರೆದಿದ್ದೆ. ಬದುವಿಗಾದರೂ ಔಷಧಿ ಬೇಡ ಅನ್ನೋದಕ್ಕೆ ಕೆಲವರು ಒಪ್ಪಿದ್ದಾರೆ. ಅಕ್ಕಡಿ ಸಾಲಿನ ಮಾತು ಬಂದಾಗ ಮಾತ್ರ, "ಮೊದಲು ಅವರೆ ಬೀಜ ಕೊಡ್ಸಿ ಮೇಡಂ, ಆಮೇಲೆ ನೋಡೋಣ" ಅಂದರು.