ಭಾರ ಏರಿದಾಗ ದೂರ ಇಳಿಯುತ್ತದೆ

ಓಟಗಾರನೊಬ್ಬ ಪಳಗುತ್ತಾ ಹೋದಂತೆ ಅವನ ಸಮಯ ಕಡಿಮೆಯಾಗುತ್ತದೆ, ಉದ್ದಜಿಗಿತದವನ ಅಳತೆ ಹೆಚ್ಚುತ್ತದೆ. ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗುಂಡು ಎಸೆತ ಹಾಗಲ್ಲ. 18 ವರ್ಷದೊಳಗಿನ ಬಾಲಕರಿಗೆ 5 ಕೆ.ಜಿ., 20 ವರ್ಷದೊಳಗಿನವರಿಗೆ 6 ಕೆ.ಜಿ., ಅದನ್ನು ದಾಟಿದ ಮೇಲೆ 7.26 ಕೆ.ಜಿ. ಹೀಗೆ ಗುಂಡಿನ ತೂಕ ಬದಲಾದಾಗಲೆಲ್ಲ ದೂರ ಕುಸಿಯುತ್ತದೆ. ಅರಸೀಕೆರೆ ಕಡೆಯ ನಮ್ಮೂರಿನಲ್ಲಿ "ಹೋದ ವರ್ಷ ಇನ್ನೂ ದೂರ ಎಸೀತಿದ್ದೆಯಲ್ಲೋ, ಹಾಸ್ಟೆಲ್ ಊಟ ಹಿಡಿಸ್ತಿಲ್ವಾ?" ಎಂದು ಕೇಳಿದವರಿಗೆ ಈ ಲೆಕ್ಕ ಒಪ್ಪಿಸಲು ನನ್ನಿಂದ ಇಂದಿಗೂ ಆಗಿಲ್ಲ.

ನನ್ನ ಕ್ರೀಡಾ ಬದುಕು ಹೆಚ್ಚಿನ ಗ್ರಾಮೀಣ ಹುಡುಗರದಂತೆಯೇ ಶುರುವಾಯಿತು. ಮೈಕಟ್ಟು ನೋಡಿ ದೈಹಿಕ ಶಿಕ್ಷಕರು ಕೈಗೆ ಗುಂಡು ಕೊಟ್ಟರು. ಹೋಬಳಿ, ತಾಲ್ಲೂಕು ಮಟ್ಟ ದಾಟಿ ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೆ ಬಂದೆ. ದಸರಾ ಕ್ರೀಡಾಕೂಟದ ಹಾದಿಯೂ ಹೀಗೆಯೇ ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲು ಮೆಟ್ಟಿಲಾಗಿ ಮೈಸೂರಿನತ್ತ ಸಾಗುತ್ತದೆ.

ಅಲ್ಲಿಯತನಕ ನಾನು ತೋಳಿನ ಬಲವನ್ನೇ ನಂಬಿದ್ದವನು. ತರಬೇತುದಾರರು ಮೊದಲ ತಿಂಗಳುಗಳಲ್ಲಿ ತೋಳಿನ ಬಗ್ಗೆ ಮಾತೇ ಆಡಲಿಲ್ಲ. 2.135 ಮೀಟರ್ ವ್ಯಾಸದ ವೃತ್ತದ ಹಿಂಬದಿಯಲ್ಲಿ ಎಸೆಯುವ ದಿಕ್ಕಿಗೆ ಬೆನ್ನು ಮಾಡಿ ಬಾಗಿ ನಿಂತು, ಬಲಗಾಲಿನಿಂದ ನೆಲವನ್ನು ಒದ್ದು ಹಿಂದಕ್ಕೆ ಜಾರಿ, ಆ ಕಾಲು ವೃತ್ತದ ನಡುವೆ ಊರಿದ ಕೂಡಲೇ ಸೊಂಟ ಮೊದಲು ತಿರುಗಿ ಭುಜ ಕೊಂಚ ತಡವಾಗಿ ಹಿಂಬಾಲಿಸಬೇಕು. ಇಷ್ಟಾದ ಮೇಲೆಯೇ ತೋಳಿನ ಸರದಿ. 1950ರ ದಶಕದಲ್ಲಿ ಅಮೆರಿಕದ ಪ್ಯಾರಿ ಒ'ಬ್ರಯನ್ ಜನಪ್ರಿಯಗೊಳಿಸಿದ ಈ ಗ್ಲೈಡ್ ಶೈಲಿಯಲ್ಲಿ ಸೊಂಟ ಮತ್ತು ಭುಜಗಳ ನಡುವಿನ ಆ ಕ್ಷಣದ ಅಂತರವೇ ಸರ್ವಸ್ವ. ಗುಂಡು ಕುತ್ತಿಗೆಗೆ, ದವಡೆಯ ಕೆಳಗೆ ಒತ್ತಿಕೊಂಡಿರಬೇಕು. ಕೈ ಅಲ್ಲಿಂದ ಕೆಳಗಿಳಿದರೆ ಫೌಲ್. ಎಸೆದ ರಭಸದಲ್ಲಿ ಮುಂದಿನ 10 ಸೆಂ.ಮೀ. ಎತ್ತರದ ಅಡ್ಡಪಟ್ಟಿಯ ಮೇಲ್ತುದಿಗೆ ಕಾಲು ತಾಗಿದರೂ ಫೌಲ್. ಗುಂಡು ನೆಲ ಮುಟ್ಟುವ ಮೊದಲೇ ವೃತ್ತ ಬಿಡುವಂತಿಲ್ಲ, ಬಿಡುವಾಗಲೂ ಹಿಂದಿನ ಅರ್ಧದಿಂದಲೇ ಹೊರನಡೆಯಬೇಕು. ನೋಡುವವರಿಗೆ ಒರಟಾಗಿ ಕಾಣುವ ಈ ಆಟದಷ್ಟು ಶಿಸ್ತು ಬೇಡುವ ಆಟ ಕಡಿಮೆ ಎಂಬುದು ನನ್ನ ಅಭಿಪ್ರಾಯ. (ಜಾವೆಲಿನ್‌ನವರು ಒಪ್ಪುವುದಿಲ್ಲ, ಇರಲಿ.)

ಹಾಸನದ ಮಳೆಗಾಲ ಇನ್ನೊಂದು ಪಾಠ. ಜುಲೈ ತಿಂಗಳ ಜಿಟಿಜಿಟಿಯಲ್ಲಿ ಸಿಮೆಂಟಿನ ವೃತ್ತ ಪಾಚಿಗಟ್ಟಿದ ಕಲ್ಯಾಣಿಯ ಮೆಟ್ಟಿಲಿನಂತಾಗುತ್ತದೆ. ಗೋಣಿಚೀಲದಿಂದ ನೀರು ಒರೆಸಿ, ಶೂಗಳ ಅಡಿಯನ್ನು ಬಟ್ಟೆಗೆ ತಿಕ್ಕಿ, ಗುಂಡಿಗೆ ಮೆತ್ತಿದ ಕೆಸರನ್ನು ತೆಗೆದು, ಅಂಗೈಗೂ ಕುತ್ತಿಗೆಗೂ ಚಾಕ್ ಪುಡಿ ಹಚ್ಚಿಕೊಂಡು ನಿಲ್ಲುವಷ್ಟರಲ್ಲಿ ಮತ್ತೆ ಹನಿ ಬೀಳುತ್ತದೆ. ಅಂಥ ದಿನ ಜಾರುವುದನ್ನು ಬಿಟ್ಟು ನಿಂತಲ್ಲಿಂದಲೇ ಎಸೆಯುತ್ತೇವೆ, ಇಲ್ಲವೇ ಜಿಮ್ ಸೇರಿ ಸ್ಕ್ವಾಟ್ ಮಾಡುತ್ತೇವೆ.

ಅಂಕಿಯೊಂದನ್ನೇ ನೋಡಬಾರದೆಂದು ನನಗೆ ಮನವರಿಕೆಯಾದದ್ದು ಭಾರತದ ಗುಂಡು ಎಸೆತಗಾರ ತಜಿಂದರ್‌ಪಾಲ್ ಸಿಂಗ್ ತೂರ್ ಅವರ 2023ರ ಋತುವನ್ನು ಗಮನಿಸಿದಾಗ. ಜೂನ್‌ನಲ್ಲಿ ಭುವನೇಶ್ವರದಲ್ಲಿ 21.77 ಮೀಟರ್ ಎಸೆದಿದ್ದ ಅವರು, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕೊನೆಯ ಪ್ರಯತ್ನದ 20.36 ಮೀಟರ್‌ನಿಂದ ಚಿನ್ನ ಉಳಿಸಿಕೊಂಡರು. 2018ರ ಜಕಾರ್ತದಲ್ಲಿ ಗೆದ್ದಾಗ ಎಸೆದದ್ದು 20.75. ದೂರ ಕಡಿಮೆಯಾಗಿತ್ತು, ಪದಕ ಅದೇ.

ಸೀನಿಯರ್ ಗುಂಡಿಗೆ ಬಂದ ಮೇಲೆ ನಾನು ಗ್ಲೈಡ್ ಬಿಟ್ಟು, ಡಿಸ್ಕಸ್‌ನಂತೆ ಸುತ್ತಿ ಎಸೆಯುವ ಶೈಲಿಗೆ ಹೊರಳಿದ್ದೇನೆ. ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಬಾರಿಷ್ನಿಕೋವ್ 1976ರಲ್ಲಿ 22 ಮೀಟರ್ ಮುಟ್ಟಿದ್ದು ಹೀಗೆ ಸುತ್ತಿಯೇ, 23.56 ಮೀಟರ್‌ನ ವಿಶ್ವದಾಖಲೆಯ ರಯಾನ್ ಕ್ರೌಸರ್ ಅವರದೂ ಇದೇ ದಾರಿ. ಸರಿಯಾಗಿ ಕೂಡಿಬಂದರೆ ಗುಂಡಿಗೆ ಹೆಚ್ಚು ವೇಗ ಸಿಗುತ್ತದೆ, ತಪ್ಪಿದರೆ ಅದು ಬೀಳಬೇಕಾದ ವಲಯದ ಹೊರಗಿನ ಹುಲ್ಲಿಗೆ ಹೋಗಿ ಬೀಳುತ್ತದೆ. ನನ್ನದು ಸದ್ಯಕ್ಕೆ ಹುಲ್ಲಿಗೆ ಬೀಳುವುದೇ ಹೆಚ್ಚು, ಒಳಗೆ ಬಿದ್ದದ್ದೂ ಗ್ಲೈಡ್‌ನ ದೂರ ಮುಟ್ಟುತ್ತಿಲ್ಲ. ಮುಂದಿನ ಋತುವಿನ ತನಕ ಟೇಪು ಹಿಡಿಯಲೇಬಾರದೆಂದು ತರಬೇತುದಾರರು ಹೇಳಿದ್ದಾರೆ. ಒಪ್ಪಿದ್ದೇನೆ, ಅವರು ಅತ್ತ ತಿರುಗಿದಾಗ ಹೆಜ್ಜೆ ಹಾಕಿ ಅಳೆಯುವ ಚಾಳಿಯನ್ನು ಮಾತ್ರ ಇನ್ನೂ ಬಿಟ್ಟಿಲ್ಲ.